ಸಾಹೇಬರ ಕೋಲಿಗೊಂದು ಕೌದಿ

ಒಂದು ಕಟ್ಟಿಗೆ ನೆಟ್ಟಗಿದೆಯೋ ಡೊಂಕಾಗಿದೆಯೋ ಎನ್ನುವುದು ನಮ್ಮ ದೊಡ್ಡಜ್ಜ ಪಂಢರಿಗೆ ಹತ್ತು ಮಾರು ದೂರದಿಂದಲೇ ತಿಳಿಯುತ್ತಿತ್ತಂತೆ. ಔರಾದದ ಬಡಿಗರು ಬಂಡಿಯ ಮೂಕಿ ಕೆತ್ತುವಾಗ ಅವನನ್ನು ಕರೆಯುತ್ತಿದ್ದರು. ಅವನು ಅಂಗಳದ ಹೊರಗೇ ನಿಂತು, ಒಂದು ಕಣ್ಣು ಮುಚ್ಚಿ, "ತುದಿಯಾಗ ಎಳ್ಳಿನಷ್ಟು ಬಲಕ್ಕ ಎಳದದರಿ" ಎನ್ನುತ್ತಿದ್ದ. ಬಡಿಗರು ಆ ಎಳ್ಳಿನಷ್ಟನ್ನು ಹೆರೆದು ಹಾಕುತ್ತಿದ್ದರು. ಒಳಗೆ ಬಾ, ಮುಟ್ಟಿ ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಊರಿಗೆ ಅವನ ಕಣ್ಣು ಬೇಕಿತ್ತು, ಕೈ ಬೇಡವಾಗಿತ್ತು.

ಇದನ್ನೆಲ್ಲ ನನಗೆ ಹೇಳಿದವಳು ನನ್ನ ಅಜ್ಜಿ ಕೇಶರಬಾಯಿ. ಪಂಢರಿಯ ತಮ್ಮನ ಹೆಂಡತಿ. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ, ಅದೂ ಆಳೆತ್ತರಕ್ಕಿಂತ ಗೇಣು ಕಡಿಮೆ. ಆಚೆ ಮನೆಯವರು ಕೆಮ್ಮಿದರೆ ಈಚೆ ಮನೆಯವರು ಕಷಾಯ ಇಡುತ್ತಿದ್ದರು ಎಂದು ಅಜ್ಜಿ ನಗುತ್ತಿದ್ದಳು. ಅವಳು ಹೇಳಿದ್ದನ್ನೇ ಬರೆಯುತ್ತಿದ್ದೇನೆ, ನಡುನಡುವೆ ಬರುವ ಸಿಟ್ಟು ಮಾತ್ರ ನನ್ನದು.

ಪಂಢರಿ ಹುಟ್ಟಿದ್ದು ಔರಾದದ ಹೊಲಗೇರಿಯಲ್ಲಿ. ವಯಸ್ಸಿಗೆ ಬಂದ ಮೇಲೆ ಊರು ಬಿಟ್ಟು ಹೈದರಾಬಾದಿನ ಹತ್ತಿರದ ಬೊಲಾರಮ್ಮಿನ ದಂಡಿನ ಠಾಣ್ಯಕ್ಕೆ ಹೋಗಿ, ಒಬ್ಬ ಇಂಗ್ಲಿಷ್ ಮೇಜರನ ಬಂಗಲೆಯಲ್ಲಿ ಕಸ ಗುಡಿಸುವ ಕೆಲಸ ಹಿಡಿದ. ಆ ಬಂಗಲೆಯಲ್ಲಿ ಒಂದು ಬಿಲಿಯರ್ಡ್ಸ್ ಮೇಜು ಇತ್ತು. ಗುಡಿಸುತ್ತ ಗುಡಿಸುತ್ತ ಮೇಜಿನ ಹಸಿರು ಬಟ್ಟೆಯ ಧೂಳು ತೆಗೆಯುವುದು, ಗುಂಡು ಒರೆಸುವುದು, ಗುಂಡು ಹೊಡೆಯುವ ಕೋಲಿನ ತುದಿಗೆ ತೊಗಲು ಅಂಟಿಸುವುದು, ಆಟದ ಅಂಕಗಳನ್ನು ಕೂಗಿ ಹೇಳುವುದು ಎಲ್ಲ ಕಲಿತ. ಈ ಕೆಲಸ ಮಾಡುವವನಿಗೆ ಮಾರ್ಕರ್ ಎನ್ನುತ್ತಿದ್ದರು. ಮೇಜರ್ ವಿಲಾಯತಿಗೆ ಮರಳುವಾಗ ಒಂದು ಚೀಟಿ ಬರೆದುಕೊಟ್ಟ. ಆ ಚೀಟಿ ತೋರಿಸಿದ್ದಕ್ಕೆ ಬೀದರದ ಅಧಿಕಾರಿಗಳ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು.

ಮಾರ್ಕರನಿಗೆ ಆಡುವ ಹಕ್ಕಿರಲಿಲ್ಲ. ಆದರೆ ಜೊತೆಗಾರರು ಸಿಗದ ಮಧ್ಯಾಹ್ನಗಳಲ್ಲಿ ಸಾಹೇಬರುಗಳು ಅವನ ಕೈಗೆ ಕೋಲು ಕೊಟ್ಟು ಎದುರು ನಿಲ್ಲಿಸುತ್ತಿದ್ದರು. ಆಗ ಪಂಢರಿ ಗೆಲ್ಲುವ ಆಟವನ್ನು ಎರಡೋ ಮೂರೋ ಅಂಕದಿಂದ ಸೋಲುತ್ತಿದ್ದ. ಹಾಗೆ ಅನುಮಾನ ಬಾರದಂತೆ ಸೋಲುವುದಕ್ಕೆ ಎಂಥ ಕೈ ಬೇಕು ಎಂದು ಆ ಕ್ಲಬ್ಬಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೆಲಸದ ಜೊತೆಗೆ ಕ್ಲಬ್ಬಿನ ಹಿತ್ತಲಲ್ಲಿ ಒಂದು ಕೋಣೆ ಕೊಟ್ಟಿದ್ದರು. ಕೋಣೆ ಎಂಥದ್ದೂ ಅಲ್ಲ, ಮಳೆ ಬಂದರೆ ಮೂರು ಕಡೆ ಸೋರುತ್ತಿತ್ತು. ಆದರೆ ಅದರ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಗೆ ರಾಟೆ ಹಾಕಿದ ಒಂದು ಬಾವಿ ಇತ್ತು. ಅಡುಗೆಯವನು, ಮಾಲಿ, ಮೋಟಾರು ನಡೆಸುವವನು, ಮಾರ್ಕರ್, ಎಲ್ಲರೂ ಅದೇ ಬಾವಿಯ ನೀರು ಸೇದುತ್ತಿದ್ದರು. ನೀನು ಯಾರು, ಯಾವ ಕೇರಿಯವನು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಪಂಢರಿಯ ಹೆಂಡತಿ ಅಂಜನಾಬಾಯಿ ಔರಾದದವಳೇ. ಹುಟ್ಟಿದಾಗಿನಿಂದ ಬಾವಿಯ ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ಕುಳಿತು ಬೆಳೆದವಳು. ಮೇಲಿನವರು ಯಾರಾದರೂ ಬಂದು, ಮನಸ್ಸು ಮಾಡಿ, ಎತ್ತರದಿಂದ ಸುರಿಯಬೇಕು. ಸುರಿಯುವವರೆಗೆ ಇವರು ಕಾಯಬೇಕು. ಹಗ್ಗ ಮುಟ್ಟುವಂತಿರಲಿಲ್ಲ. ಬೀದರಕ್ಕೆ ಬಂದ ಮೊದಲ ದಿನ ಗಂಡ ಅವಳ ಕೈಗೆ ಹಗ್ಗ ಕೊಟ್ಟು "ಸೇದು" ಎಂದಾಗ ಅವಳು ಸುತ್ತ ನೋಡಿದಳಂತೆ. ಆಮೇಲೆ ಸೇದಿದಳು. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಸೇದುತ್ತಲೇ ಇದ್ದಳು.

ಅದೇ ವಾರ ಒಂದು ಕೆಟ್ಟ ಮಾತು ಬಿತ್ತು. ವರಾಂಡದಲ್ಲಿ ಕುಳಿತಿದ್ದ ಮೆಂಬರನೊಬ್ಬ ಬಾವಿಯ ಕಡೆ ನೋಡಿ, "ಮಾರ್ಕರನ ಹೆಂಡ್ತಿ ಬಂದಾಗಿಂದ ಬಾವಿ ನೀರು ಭಾಳ ಸಿಹಿ ಆಗ್ಯಾವ ನೋಡ್ರಿ" ಎಂದ. ಉಳಿದವರು ಗಹಗಹಿಸಿ ನಕ್ಕರು. ಒಳಗೆ ಗುಂಡು ಒರೆಸುತ್ತಿದ್ದ ಪಂಢರಿಗೂ ಕೇಳಿತು, ಹೊರಗಿದ್ದ ಅಂಜನಾಬಾಯಿಗೂ ಕೇಳಿತು. ಎರಡು ದಿನ ಅವಳು ಹಗ್ಗ ಮುಟ್ಟಲಿಲ್ಲ. ಮೂರನೆಯ ದಿನ ಪಂಢರಿಯೇ ಜೊತೆಗೆ ಹೋಗಿ ನಿಂತ. ತನ್ನ ಹೆಂಡತಿಯ ಹೆಸರು ಇನ್ನೊಮ್ಮೆ ಆ ವರಾಂಡದ ಬಾಯಿಗೆ ಬೀಳಗೊಡುವುದಿಲ್ಲ ಎಂದು ಅಂದೇ ಅವನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಮುಂದಿನದೆಲ್ಲ ಆದದ್ದು ಇದರಿಂದ.

ಕ್ಲಬ್ಬಿಗೆ ದೊಡ್ಡವರು ಮುನೀರೋದ್ದೀನ ಸಾಹೇಬರು. ಅವರದು ಯಾವ ಹುದ್ದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ, ದೊಡ್ಡ ಸಾಹೇಬರು ಎಂದರೆ ಮುಗಿಯಿತು. ಕೆಟ್ಟ ಮನುಷ್ಯರಲ್ಲ. ಸಿಹಿ ತಿನ್ನುವುದು ಮತ್ತು ಬಿಲಿಯರ್ಡ್ಸ್ ಆಡುವುದು, ಈ ಎರಡರಲ್ಲಿ ಅವರಿಗೆ ಮಿತಿ ಇರಲಿಲ್ಲ. ಹಳ್ಳಿಗಳ ತನಿಖೆಗೆಂದು ದೌರಾ ಹೊರಟರೆ ಆಟದ ಕೋಲು ಜೊತೆಗೇ ಹೋಗಬೇಕು. ಭಾಲ್ಕಿಯಲ್ಲಿ ಒಬ್ಬ ಜಹಗೀರದಾರರ ಬಂಗಲೆಯಲ್ಲಿ ಮೇಜು ಇತ್ತು. ಸರಕಾರಿ ಕೆಲಸ ಅರ್ಧ ದಿನ, ಆಟ ಒಂದೂವರೆ ದಿನ.

ಒಂದು ಬೇಸಿಗೆ ಅವರು ತಮ್ಮ ಹಳೆಯ ಕೋಲನ್ನು ಮೋಟಾರಿನ ಹಿಂದಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಹೋದರು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ವೈಶಾಖದ ಮಧ್ಯಾಹ್ನ ಬೀದರದ ಕೆಂಪು ಕಲ್ಲಿನ ಮೇಲೆ ಬರಿಗಾಲಿಟ್ಟರೆ ಚರ್ಮ ಅಲ್ಲೇ ಉಳಿಯುತ್ತದೆ. ಮುಚ್ಚಿದ ಪೆಟ್ಟಿಗೆಯ ಒಳಗೆ ಹೇಗಿರಬೇಡ! ಭಾಲ್ಕಿ ತಲುಪುವಷ್ಟರಲ್ಲಿ ಕೋಲು ಬಾಗಿ ಕುಡುಗೋಲಿನಂತಾಗಿತ್ತು. ಸಾಹೇಬರು ಎರಡು ಹೊತ್ತು ಊಟ ಬಿಟ್ಟರು.

ವಿಲಾಯತಿಯಿಂದ ಹೊಸ ಕೋಲು ತರಿಸಿದರು. ಅದು ಬರಲು ಏಳು ತಿಂಗಳು ಹಿಡಿಯಿತು. ಬಂದ ದಿನ ಪಂಢರಿಯನ್ನು ಕರೆದು ಅವನ ಎರಡೂ ಕೈಗಳ ಮೇಲೆ ಅದನ್ನು ಇಟ್ಟರು.

"ಪಂಢರಿ, ಇದಕ್ಕ ಬಿಸಿಲ ಬಡಿಬಾರದು. ಇದೊಂದೇ ಮಾತು ನಾ ನಿನಗ ಹೇಳೂದು."

"ಜೀವ ಇರೂತನಾ ಕಾಯ್ತೇನಿ ಹುಜೂರ್" ಎಂದ ಪಂಢರಿ.

ಅವನು ಕಾದ ರೀತಿಯನ್ನು ಅಜ್ಜಿ ಮಂತ್ರದ ಹಾಗೆ ಒಪ್ಪಿಸುತ್ತಿದ್ದಳು. ಕೋಲಿಗೆ ಹದಿನೈದು ದಿನಕ್ಕೊಮ್ಮೆ ಅಗಸೆ ಎಣ್ಣೆ ಸವರಿ ಒಣ ಬಟ್ಟೆಯಿಂದ ಉಜ್ಜುವುದು. ಮೋಟಾರಿನಲ್ಲಿ ಮೂಲೆಗೆ ಆನಿಸಿ ನಿಲ್ಲಿಸಬಾರದು, ಮಲಗಿಸಬೇಕು, ಅದೂ ಇಂಜಿನಿನ ಕಾವು ತಾಗದ ಹಿಂದಿನ ಸೀಟಿನಲ್ಲಿ. ಮೋಟಾರು ನಿಂತರೆ ಮನುಷ್ಯರಿಗಿಂತ ಮೊದಲು ಕೋಲು ಇಳಿದು ನೆರಳು ಸೇರಬೇಕು. ಊರು ಮುಟ್ಟಿದ ಕೂಡಲೆ ಚೀಲದಿಂದ ತೆಗೆಯಬಾರದು. ಒಂದು ತಾಸು ಹಾಗೇ ಬಿಟ್ಟು, ಆ ಕೋಣೆಯ ಗಾಳಿಗೆ ಅದು ಹೊಂದಿಕೊಂಡ ಮೇಲೆ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೀರು ಸೋಕಬಾರದು. ನೀರು ಕುಡಿದ ಕಟ್ಟಿಗೆಗೆ ಬಿಸಿಲು ತಾಗಿದರೆ ಅದು ಮನಸ್ಸಿಗೆ ಬಂದ ಕಡೆ ತಿರುಗುತ್ತದೆ ಎಂದು ಅವನು ಮೋಟಾರು ನಡೆಸುವ ಅಬ್ದುಲ ಅಜೀಜನಿಗೂ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದ.

ಕೋಲಿನ ಜೊತೆ ಬಂದಿದ್ದ ತೊಗಲಿನ ಚೀಲ ಬಿಸಿಲಿಗೆ ಕಾದು ಹಂಚಾಗುತ್ತಿತ್ತು. ಪಂಢರಿ ಯೋಚನೆ ಮಾಡಿದ. ಚಳಿಯನ್ನು ಹೊರಗೆ ತಡೆಯುವ ಕೌದಿ ಕಾವನ್ನು ಯಾಕೆ ತಡೆಯಬಾರದು? ಹೆಂಡತಿಗೆ ಹೇಳಿದ. ಅಂಜನಾಬಾಯಿ ಹಳೆಯ ಸೀರೆ ಧೋತರಗಳ ಹದಿನಾರು ಪದರು ಹಾಕಿ, ಬಿಸಿಲು ಹೀರದಿರಲಿ ಎಂದು ಮೇಲೆ ಬಿಳಿ ಬಟ್ಟೆ ಹೊದಿಸಿ, ಮೂರು ಮೊಳಕ್ಕಿಂತ ಉದ್ದದ ಒಂದು ಕೌದಿ ಚೀಲ ಹೊಲಿದಳು. ಒಂದು ತಿಂಗಳು ಹಿಡಿಯಿತು. ಹೊಲಿಗೆ ಎಂದರೆ ಇರುವೆ ಸಾಲು.

ಇಲ್ಲಿ ನಮ್ಮ ಮನೆಯ ಹೆಂಗಸರ ಒಂದು ರೂಢಿ ಹೇಳಬೇಕು. ಕೌದಿಯ ಕೊನೆಯ ಅಂಚು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಕಾಯುವುದಿಲ್ಲವಂತೆ. ನನ್ನ ಅಜ್ಜಿ ನನ್ನ ಮಗಳ ಕೌದಿಗೂ ಇಟ್ಟಿದ್ದಾಳೆ. ಅಂಜನಾಬಾಯಿಯೂ ಇಟ್ಟಳು. ಆದರೆ ಇದು ದೊಡ್ಡ ಸಾಹೇಬರ ಕೌದಿ, ಒಣರೊಟ್ಟಿಯ ಚೂರು ಇಟ್ಟರೆ ಹೇಗೆ ಎಂದು ಅನಿಸಿತು. ನಿಂಬೆಹಣ್ಣಿನ ಗಾತ್ರದ ಬೆಲ್ಲದ ಉಂಡೆ ಇಟ್ಟು, ಒತ್ತಿ ಚಪ್ಪಟೆ ಮಾಡಿ, ತಳದ ಅಂಚನ್ನು ಹೊಲಿದುಬಿಟ್ಟಳು. ಗಂಡನಿಗೆ ಹೇಳಲಿಲ್ಲ. ಹೇಳುವ ರೂಢಿ ಇಲ್ಲ, ಅದು ಹೆಂಗಸರ ಕೆಲಸ.

1932ರ ವೈಶಾಖದಲ್ಲಿ ಸಾಹೇಬರು ಭಾಲ್ಕಿ, ಔರಾದ ಎರಡಕ್ಕೂ ಸೇರಿಸಿ ದೌರಾ ಇಟ್ಟುಕೊಂಡರು. ಬೆಳಗಿನ ತಂಪಿನಲ್ಲಿ ಹೊರಟು ನೌಬಾದ ದಾಟಿ ಭಾಲ್ಕಿ ಸೇರಿದರು. ಕೌದಿ ಚೀಲದಿಂದ ತೆಗೆದ ಕೋಲು ಬಾವಿಗೆ ಬಿಟ್ಟ ಹಗ್ಗದಷ್ಟು ನೇರವಾಗಿತ್ತು. ಸಾಹೇಬರು ಜಹಗೀರದಾರರನ್ನು ಎರಡು ಆಟ ಸೋಲಿಸಿದರು. "ನಿನ್ನ ಮನಿಯವರ ಕೈ ಬಂಗಾರದ್ದು" ಎಂದರು. ಪಂಢರಿ ಅಂದು ಊಟ ಮಾಡದಿದ್ದರೂ ಹೊಟ್ಟೆ ತುಂಬಿತ್ತಂತೆ.

ಭಾಲ್ಕಿಯಿಂದ ಔರಾದಕ್ಕೆ ಹೊರಡುವಾಗ ಸೂರ್ಯ ನೆತ್ತಿಗೆ ಬಂದಿದ್ದ. ದಾರಿಯಲ್ಲಿ ಮಾಂಜ್ರಾ ನದಿ ದಾಟಬೇಕು. ಬೇಸಿಗೆಯಲ್ಲಿ ಅದು ನದಿಯಲ್ಲ, ಮರಳಿನ ಬಯಲು. ಇಳಿಜಾರಿನಲ್ಲಿ ಮೋಟಾರಿನ ಮುಂದಿನ ಗಾಲಿಗಳು ಮರಳಲ್ಲಿ ಹೂತು, ಅದು ಮೂಗು ಕೆಳಗೆ ಮಾಡಿ ಒಂದು ಮಗ್ಗುಲಿಗೆ ವಾಲಿ ನಿಂತುಬಿಟ್ಟಿತು. ರೂಢಿಯಂತೆ ಪಂಢರಿ ಕೋಲನ್ನು ಇಳಿಸಿಕೊಂಡ. ಆದರೆ ಎಲ್ಲಿಡುವುದು? ಕಣ್ಣು ಹಾಯುವಷ್ಟು ದೂರ ಒಂದು ಜಾಲಿ ಕಂಟಿಯೂ ಇರಲಿಲ್ಲ. ಮರಳು ಕಾದ ಬಾಣಲೆಯಾಗಿತ್ತು. ಇದ್ದುದರಲ್ಲಿ ಮೋಟಾರಿನ ಮೇಲಿನ ಬಟ್ಟೆ ಟಪ್ಪಿನ ನೆರಳೇ ವಾಸಿ ಎಂದು ಮತ್ತೆ ಸೀಟಿನ ಮೇಲೆ ಮಲಗಿಸಿ, ಅಜೀಜನ ಜೊತೆ ಗಾಲಿ ನೂಕಲು ನಿಂತ. ಹಳ್ಳಿಯವರು ಎರಡು ಜೋಡಿ ಎತ್ತು ತಂದು ಎಳೆಯುವಷ್ಟರಲ್ಲಿ ಮೂರು ತಾಸು ಕಳೆದಿತ್ತು.

ಮರುದಿನ ಬೆಳಿಗ್ಗೆ ಔರಾದದ ಬಂಗಲೆಯಲ್ಲಿ ಪಂಢರಿ ಎದ್ದು ನೋಡಿದಾಗ ಚೀಲದ ತಳದಿಂದ ಗೋಡೆಯವರೆಗೆ ಕೆಂಪಿರುವೆಗಳ ಸಾಲು ಹೊರಟಿತ್ತು. ಬಾಯಿಯ ದಾರ ಬಿಚ್ಚಿ ಕೋಲು ಎಳೆದ. ಬರಲಿಲ್ಲ. ಬೆರಳಿಗೆ ಅಂಟು ಹತ್ತಿತು. ನಾಲಿಗೆಗೆ ಇಟ್ಟು ನೋಡಿದ. ಅವನಿಗೆ ಎಲ್ಲ ತಿಳಿಯಿತು. ಮೋಟಾರಿನ ಕಾವಿಗೆ ಬೆಲ್ಲ ಕರಗಿ, ಪದರುಗಳಲ್ಲಿ ಇಳಿದು, ಮೋಟಾರು ವಾಲಿ ನಿಂತಿದ್ದರಿಂದ ಕೋಲಿನ ಒಂದು ಮಗ್ಗುಲಿಗೆ ಅರ್ಧದವರೆಗೆ ಹರಿದು ಗಟ್ಟಿಯಾಗಿತ್ತು. ಹೆಂಡತಿ ಕೋಲಿಗೆ ಉಣ್ಣಿಸಿದ್ದಾಳೆ ಎಂದು ಅವನಿಗೆ ಮೊದಲು ನಗು ಬಂತಂತೆ.

ಆಮೇಲೆ ಆ ವರಾಂಡ ನೆನಪಾಯಿತು. ಚಾಕು ಹಾಕಿ ಹೊಲಿಗೆ ಬಿಚ್ಚಿದ್ದರೆ, ಒಣ ಬಟ್ಟೆಯಿಂದ ಕೆರೆದು ಒರೆಸಿದ್ದರೆ ಕೋಲು ಉಳಿಯುತ್ತಿತ್ತು. ಅವನಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಆದರೆ ಚೀಲ ಯಾಕೆ ಹರಿಯಿತು ಎಂದು ಸಾಹೇಬರು ಕೇಳುತ್ತಾರೆ. ಹೇಳಬೇಕಾಗುತ್ತದೆ. ಮಾರ್ಕರನ ಹೆಂಡತಿ ಕೋಲಿಗೆ ಬೆಲ್ಲ ತಿನ್ನಿಸಿದಳು ಎನ್ನುವುದು ಸಂಜೆಯೊಳಗೆ ಕ್ಲಬ್ಬಿನ ತುಂಬ ಆಗುತ್ತದೆ. ಅವಳು ಪ್ರತಿಸಲ ಹಗ್ಗ ಹಿಡಿದಾಗಲೂ ವರಾಂಡ ನಗುತ್ತದೆ. ಅವನು ಬಚ್ಚಲಿಗೆ ಹೋಗಿ ಬಿಸಿನೀರು ತಂದು ಚೀಲದ ಮೇಲೆ ಸುರಿದ.

ಅಬ್ದುಲ ಅಜೀಜ ಬಾಗಿಲಲ್ಲಿ ನಿಂತು ನೋಡಿದ. "ಏ ಪಂಢರಿ! ತಲಿ ಕೆಟ್ಟದೇನು? ನೀರು ಹಾಕ್ಲಿಕತ್ತಿ?"

ಪಂಢರಿ ಬೆಲ್ಲದ ಸಂಗತಿ ಹೇಳಿದ. ಅಜೀಜ ನಗಲು ಬಾಯಿ ತೆರೆದವನು ಇವನ ಮುಖ ನೋಡಿ ಮುಚ್ಚಿಕೊಂಡ.

"ಯಾರ ಮುಂದೂ ಹೇಳಬ್ಯಾಡ ಭಾಯಿ. ಸಾಹೇಬರ ಮುಂದಂತೂ ಬ್ಯಾಡ."

"ಅಲ್ಲಾನ ಆಣಿ, ಹೇಳೂದಿಲ್ಲ" ಎಂದ ಅಜೀಜ.

ಕೋಲು ಹೊರಗೆ ಬಂತು. ತಕ್ಷಣ ಒರೆಸಿ, ಎಣ್ಣೆ ಸವರಿ, ಕೋಣೆಯ ತಂಪಿನಲ್ಲಿ ಮಲಗಿಸಿದ. ಆಗ ಅದು ನೆಟ್ಟಗೇ ಇತ್ತು. ಚೀಲವನ್ನು ತೊಳೆದು ಹಿಂದಿನ ಗೋಡೆಯ ಮೇಲೆ ಹಾಕಿದ. ಇನ್ನೂ ಎರಡು ದಿನ ಸಮಯವಿತ್ತು, ಒಣಗುತ್ತದೆ ಎಂದು ಧೈರ್ಯ. ಆದರೆ ಬೀದರಕ್ಕೆ ಹೈದರಾಬಾದಿನ ಅತಿಥಿಗಳು ಬಂದಿದ್ದಾರೆಂದು ತಂತಿ ಬಂತು. ಮರುದಿನ ಮಧ್ಯಾಹ್ನವೇ ಹೊರಡಬೇಕೆಂದು ಸಾಹೇಬರು ಎದ್ದು ನಿಂತರು. ಚೀಲ ಮೇಲೆ ಮುಟ್ಟಿದರೆ ಒಣಗಿತ್ತು. ಹದಿನಾರು ಪದರಿನ ಒಳಗೆ ಹಸಿ ಹಾಗೇ ಇತ್ತು.

"ಕೋಲು ಚೀಲದಾಗ ಹಾಕಿಲ್ಲೇನು ಇನ್ನಾ? ಬಿಸಿಲ ನೋಡು" ಎಂದು ಸಾಹೇಬರು ಎದುರಿಗೇ ನಿಂತು ಅವಸರ ಮಾಡಿದರು. ಪಂಢರಿ ಕೋಲನ್ನು ಹಸಿ ಕೌದಿಯೊಳಗೆ ತೂರಿಸಿದ.

ಔರಾದದಿಂದ ಬೀದರದವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬಿಸಿಲಿಗೆ ಕೌದಿ ಕಾಯುತ್ತ ಹೋಯಿತು, ಒಳಗಿನ ಹಸಿ ಹಬೆಯಾಯಿತು. ಅವನ ತೊಡೆಗೆ ಆ ಬಿಸಿ ತೇವ ತಟ್ಟುತ್ತಿತ್ತು. ಕಟ್ಟಿಗೆಯನ್ನು ಬಗ್ಗಿಸಬೇಕೆಂದೇ ಯಾರಾದರೂ ಕುಳಿತಿದ್ದರೂ ಇದಕ್ಕಿಂತ ಒಳ್ಳೆಯ ಉಪಾಯ ಸಿಗುತ್ತಿರಲಿಲ್ಲ. ನಿಲ್ಲಿಸಿರಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಮುನೀರೋದ್ದೀನ ಸಾಹೇಬರು ಬೆಲ್ಲದ ಕಥೆ ಕೇಳಿ ಬಿದ್ದು ಬಿದ್ದು ನಕ್ಕು ಕ್ಷಮಿಸಿಬಿಡುತ್ತಿದ್ದರು ಎಂದೇ ನನಗನಿಸುತ್ತದೆ. ಆದರೆ ಆ ನಗುವೇ ಅವನಿಗೆ ಬೇಡವಾಗಿತ್ತು.

ಸಂಜೆ ಕ್ಲಬ್ಬಿನಲ್ಲಿ ಅತಿಥಿಗಳ ಎದುರು ಸಾಹೇಬರು ಕೋಲು ತರಿಸಿದರು. ಆಟಕ್ಕೆ ಮೊದಲು ಅದನ್ನು ಮೇಜಿನ ಮೇಲೆ ಉರುಳಿಸಿ ತೋರಿಸುವುದು ಪದ್ಧತಿ. ನೆಟ್ಟಗಿರುವ ಕೋಲು ಸದ್ದಿಲ್ಲದೆ ಉರುಳುತ್ತದೆ, ಡೊಂಕಾಗಿದ್ದರೆ ತುದಿ ಎದ್ದು ಬಿದ್ದು ಕುಣಿಯುತ್ತದೆ. ಪಂಢರಿ ಉರುಳಿಸಿದ. ತುದಿ ಟಕಟಕ ಎಂದು ಮೇಜನ್ನು ಬಡಿಯುತ್ತ ಆ ಕಡೆಯ ಅಂಚಿನವರೆಗೆ ಹೋಯಿತು.

"ಹ್ಯಾಂಗಾತು ಇದು?" ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಔರಾದದಾಗ ಮೋಟಾರಿನ್ಯಾಗೇ ಬಿಟ್ಟು ನಮ್ಮ ಕೇರಿಗಿ ಹೋಗಿದ್ದೆ ಹುಜೂರ್. ಹಗಲೆಲ್ಲಾ ಬಿಸಲಾಗ ಇತ್ತು. ತಪ್ಪು ನಂದೇ ಅದ."

"ಒಂದೇ ಮಾತು ಹೇಳಿದ್ದೆ ನಿನಗ." ಸಾಹೇಬರ ಕಣ್ಣಲ್ಲಿ ನೀರಿತ್ತಂತೆ. ಕೋಲಿನ ಮೇಲೆ ಅಷ್ಟು ಪ್ರೀತಿ. "ಮೂರು ದಿನದಾಗ ಕೋಣಿ ಖಾಲಿ ಮಾಡು."

ಅಂಜನಾಬಾಯಿಗೂ ಅವನು ಅದೇ ಸುಳ್ಳು ಹೇಳಿದ. ಮರೆತು ಮೋಟಾರಿನಲ್ಲಿ ಬಿಟ್ಟಿದ್ದೆ ಎಂದ. ಅವಳು ಅಳಲಿಲ್ಲ. ಹೊರಡುವ ದಿನ ಬಾವಿಗೆ ಹೋಗಿ ಒಂದಾದ ಮೇಲೊಂದು ಹದಿನಾಲ್ಕು ಕೊಡ ಸೇದಿ ಮಾಲಿಯ ತೋಟಕ್ಕೆ ಸುರಿದಳು. ಮಾಲಿ ಬೇಡವೆಂದರೂ ಬಿಡಲಿಲ್ಲ. ಅಂಗೈ ಕಿತ್ತು ಹೋಗಿತ್ತು.

ಔರಾದದಲ್ಲಿ ಅದೇ ಬಾವಿ, ಅದೇ ಕಟ್ಟೆಯ ಕೆಳಗಿನ ಜಾಗ. ಒಮ್ಮೆ ಹಗ್ಗ ಹಿಡಿದ ಕೈಗೆ ಮತ್ತೆ ಸುಮ್ಮನೆ ಕೂರುವುದು ಮೊದಲಿಗಿಂತ ಕಷ್ಟ. ಬೆಳಿಗ್ಗೆ ಹೋದವಳಿಗೆ ನೀರು ಸಿಗುವಾಗ ಮಧ್ಯಾಹ್ನವಾಗುತ್ತಿತ್ತು. ಕೊಡ ಹೊತ್ತು ಮನೆಗೆ ಬಂದು, ಇಳಿಸುವ ಮೊದಲೇ ಗಂಡನಿಗೆ ಹೇಳುತ್ತಿದ್ದಳು: "ಒಂದು ಕೋಲು ಕಾಯಲಿಕ್ಕ ಆಗಲಿಲ್ಲರಿ ನಿಮಗ. ಒಂದು ಕೋಲು!"

ಪಂಢರಿ ಕೂಲಿಗೆ ಹೋಗುತ್ತಿದ್ದ, ರಸ್ತೆಗೆ ಜಲ್ಲಿ ಒಡೆಯುತ್ತಿದ್ದ, ಮಧ್ಯಾಹ್ನ ರೊಟ್ಟಿಗೆ ಮನೆಗೆ ಬರುತ್ತಿದ್ದ. ಬೈಯುವಾಗಲೂ ಅವಳು 'ರಿ' ಬಿಡುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ದಿನಾ ಅದೇ ಬೈಗುಳ, ದಿನಾ ಅದೇ ಮೌನ. ಕೇರಿಯವರಿಗೆ ಅದು ಹೊತ್ತು ತಿಳಿಯುವ ಗಂಟೆಯಾಗಿತ್ತು. ಅಂಜನಾಬಾಯಿ ಬೈದಳೆಂದರೆ ಬಾವಿಗೆ ಸುರಿಯುವವರು ಬಂದಿದ್ದಾರೆ, ಇನ್ನು ನಾವೂ ಹೋಗೋಣ ಎಂದು ಹೆಂಗಸರು ಕೊಡ ಎತ್ತಿಕೊಳ್ಳುತ್ತಿದ್ದರು. ಹೀಗೆ ಹನ್ನೊಂದು ವರ್ಷ.

ಹನ್ನೊಂದನೆಯ ವರ್ಷ ಅಬ್ದುಲ ಅಜೀಜ ಬೀದರ–ಔರಾದ ಬಸ್ಸಿಗೆ ಡ್ರೈವರನಾಗಿ ಬಂದ. ಬಸ್ಸು ನಿಲ್ಲಿಸಿ, ಹುಡುಕಿಕೊಂಡು ಕೇರಿಗೆ ಬಂದು ಅಂಗಳದಲ್ಲಿ ನಿಂತ. ಪಂಢರಿ ಜಲ್ಲಿ ಒಡೆಯಲು ಹೋಗಿದ್ದ. ಅಜ್ಜಿ ಗೋಡೆಯ ಈಚೆ ಜೋಳ ಕೇರುತ್ತಿದ್ದಳು.

"ಭಾಭಿ, ಹ್ಯಾಂಗಿದ್ದೀರಿ? ಈಗೂ ಕೌದಿಗಿ ಬೆಲ್ಲ ಉಣಸ್ತೀರೇನು?" ಎಂದು ಅವನು ನಗುತ್ತ ಕೇಳಿದ.

ಪಾಪ, ಅವನದೇನು ತಪ್ಪು? ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದ ಗಂಡ ಹೆಂಡತಿ ಈ ಮಾತು ಆಡಿಕೊಂಡು ಯಾವಾಗಲೋ ನಕ್ಕಿರುತ್ತಾರೆ ಎಂದುಕೊಂಡಿದ್ದ. ಸಾಹೇಬರ ಮುಂದೆ, ಹೊರಗಿನವರ ಮುಂದೆ ಹೇಳುವುದಿಲ್ಲ ಎಂಬ ಆಣೆಯನ್ನು ಅವನು ಎಂದೂ ಮುರಿದಿರಲಿಲ್ಲ.

"ಯಾವ ಬೆಲ್ಲರಿ ಭಾಯಿ?" ಎಂದಳು ಅಂಜನಾಬಾಯಿ.

ಅವನು ಹೇಳುತ್ತ ಹೋದ. ಇರುವೆಯ ಸಾಲು, ಬಿಸಿನೀರು, ಹಸಿ ಚೀಲ ಎಲ್ಲ ಹೇಳಿದ. ಅರ್ಧಕ್ಕೆ ಅವಳ ಮುಖ ನೋಡಿ ನಿಲ್ಲಿಸಿದ, ಆದರೆ ಅಷ್ಟೊತ್ತಿಗೆ ಉಳಿದದ್ದೇನೂ ಇರಲಿಲ್ಲ. ಅವನು ಚಹಾ ಕುಡಿಯದೆ ಹೋದ.

ಮರುದಿನ ಮಧ್ಯಾಹ್ನ ಅವಳು ನೀರು ತಂದು ಕೊಡ ಇಳಿಸಿದಳು. ಬೈಯಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಪಂಢರಿಯೇ ಕೇಳಿದ, "ಯಾಕ, ಆರಾಮ ಇಲ್ಲೇನು?"

"ಅಜೀಜಭಾಯಿ ಬಂದಿದ್ರು" ಎಂದಳು.

ಗೋಡೆಯ ಈಚೆ ಅಜ್ಜಿ ಮೊರ ಹಿಡಿದುಕೊಂಡು ಹಾಗೇ ಕುಳಿತಿದ್ದಳು.

"ದಿನಾ ಬೈದೇನಿ ನಾ. ಹಬ್ಬದ ದಿನಾನೂ ಬಿಟ್ಟಿಲ್ಲ. ನೀವು ಯಾಕ ಹೇಳಲಿಲ್ಲರಿ?"

"ಹೇಳಿದ್ರ ನಿನ್ನ ನೀನೇ ಬೈಕೋತಿದ್ದಿ, ಅಂಜನಾ. ಬಾವಿ ಕಟ್ಟಿ ಕೆಳಗ ಕುಂತು ದಿನಾ ಬೈಕೋತಿದ್ದಿ. ಅದಕ್ಕಿಂತ ನನ್ನ ಬೈಯೂದೇ ಚಲೋ ಇತ್ತು."

ಅಂದು ಅಂಜನಾಬಾಯಿ ತನ್ನ ಅವ್ವ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು ಎಂದು ಅಜ್ಜಿ ಹೇಳುತ್ತಿದ್ದಳು. ಪಂಢರಿ ಹೇಳಿದಂತೆಯೇ ಆಯಿತು. ಅವಳು ಗಂಡನನ್ನು ಬೈಯುವುದು ಬಿಟ್ಟಳು, ಆಮೇಲೆ ಯಾರೊಂದಿಗೂ ಹೆಚ್ಚು ಮಾತಾಡುವುದನ್ನೇ ಬಿಟ್ಟಳು. ಬಾವಿಯ ಹತ್ತಿರ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಿದ್ದಳು. ನೀರು ಸುರಿಯುವವರು ಬಂದರೂ ಕೊಡ ಮುಂದೆ ಮಾಡಲು ಮರೆಯುತ್ತಿದ್ದಳು. ಸೂಜಿ ಮುಟ್ಟಲಿಲ್ಲ. ಅಜ್ಜಿಯ ಹೊಟ್ಟೆಯಲ್ಲಿ ಆಗ ನನ್ನ ಅಪ್ಪ ಇದ್ದ. ಅವನಿಗೊಂದು ಕೌದಿ ಹೊಲಿದು ಕೊಡು ಅಕ್ಕಾ ಎಂದು ಕೇಳಿದರೆ, "ನನ್ನ ಕೈಲೆ ಬ್ಯಾಡವ್ವಾ" ಎಂದಳು. ಪಂಢರಿ ಮಧ್ಯಾಹ್ನ ಕೆಲಸದಿಂದ ಬಂದವನು ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ. ಬೈಗುಳಕ್ಕಾಗಿ ಕಾಯುತ್ತಿದ್ದಾನೆ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಅವಳಿಗೆ ಜ್ವರ ಹಿಡಿಯಿತು. ಎಂಟು ದಿನ ಇಳಿಯಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಪಂಢರಿ ಅವಳ ತಲೆಯ ಹತ್ತಿರ ಕುಳಿತು, "ಅಂಜನಾ, ಒಂದ್ಸಲ ಬೈಯ ನನಗ. ಮೊದಲಿನಂಗ ಬೈಯ" ಎಂದ.

"ಯಾವ ಬಾಯಿಲೆ ಬೈಯಲಿರಿ?" ಎಂದಳು. ಆಮೇಲೆ, "ನೀರು ಕೊಡ್ರಿ" ಎಂದಳು.

ಕೊಡದಲ್ಲಿ ನೀರಿರಲಿಲ್ಲ, ಕೇರಿಯ ಉಳಿದ ಕೊಡಗಳೂ ಆ ಹೊತ್ತಿಗೆ ಬರಿದಾಗಿದ್ದವು. ಈಚೆ ಮನೆಯಲ್ಲಿದ್ದ ಒಂದು ತಂಬಿಗೆ ನೀರನ್ನು ಅಜ್ಜಿ ಗೋಡೆಯ ಮೇಲಿಂದ ಕೊಟ್ಟಳು, ಅಂಜನಾಬಾಯಿ ಅದನ್ನು ಕುಡಿದು ಇನ್ನೂ ಬೇಕು ಎಂದಳು. ಪಂಢರಿ ಕೊಡ ಎತ್ತಿಕೊಂಡು ಓಡಿದ. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಹಗ್ಗ ರಾಟೆಗೆ ಸುತ್ತಿಕೊಂಡು ಎದುರಿಗೇ ತೂಗುತ್ತಿತ್ತು. ಅವನು ಕಟ್ಟೆಯ ಕೆಳಗೆ ಕೊಡ ಇಟ್ಟು ಕುಳಿತ, ಎದ್ದ, ಊರ ಬಾಗಿಲವರೆಗೆ ಹೋಗಿ ಕೂಗಿದ, ಮತ್ತೆ ಬಂದು ಕುಳಿತ. ಯಾಕೆ ಅಂದು ಹಗ್ಗ ಹಿಡಿಯಲಿಲ್ಲ ಎಂದು ನಾನು ಅಜ್ಜಿಯನ್ನು ಕೇಳಿದ್ದೆ. "ಹಿಡಿದಿದ್ರ ಇಡೀ ಕೇರಿನೇ ಸುಡತಿದ್ರಪಾ" ಎಂದಷ್ಟೇ ಹೇಳಿದಳು. ಕೊನೆಗೆ ಯಾರೋ ಒಬ್ಬಾಕೆ ಬಂದು ಸುರಿದಾಗ ಬಿಸಿಲು ಏರಿತ್ತು. ಅವನು ಮನೆಗೆ ಬರುವಷ್ಟರಲ್ಲಿ ಅಂಜನಾಬಾಯಿಯ ಜೀವ ಹೋಗಿತ್ತು.

ಅವಳ ಕೊನೆಯ ಸ್ನಾನಕ್ಕೆ ಒಂದು ಕೊಡ ಸಾಲದು. ಕೇರಿಯ ಒಂಬತ್ತು ಮನೆಯವರು ಆ ಮಧ್ಯಾಹ್ನ ಕಾದು ತಂದು ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ತಂದು ಪಂಢರಿಯ ಅಂಗಳದಲ್ಲಿ ಇಟ್ಟರು. ಅವನೇ ಒಂದೊಂದೇ ಕೊಡ ಎತ್ತಿ ಸುರಿದ. ಆ ದಿನ ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ.